ಅಮಾನತಿನ ಅಂಜಲ್

ದುಬೈಯಲ್ಲಿ ಕರೆಂಟು ಹೋಗುವುದಿಲ್ಲ ಎಂಬ ವಿಷಯದಲ್ಲಿ ನೌಶಾದನಿಗೆ ಇದ್ದಷ್ಟು ನಂಬಿಕೆ ತನ್ನ ಕಂಪನಿಯ ಮೇಲೂ ಇರಲಿಲ್ಲ, ತನ್ನ ಮೇಲಂತೂ ಇರಲೇ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗ ಅವನು ಮಾಡುತ್ತಿದ್ದ ಮುಖ್ಯ ಉದ್ಯೋಗವೇ ಇದನ್ನು ಸಾರುವುದು. ಉಳ್ಳಾಲದ ಮಾವನ ಮನೆಯಲ್ಲಿ ಎಲ್ಲೋ ಒಂದು ತೆಂಗಿನ ಗರಿ ತಂತಿಗೆ ತಾಗಿ ಫ್ಯಾನು ನಿಂತಿತೆಂದರೆ ಸಾಕು, ಕುರ್ಚಿಯಲ್ಲಿ ನೆಟ್ಟಗೆ ಕೂತು, "ನಾನು ಅಲ್ಲಿಗೆ ಹೋದ ಮೇಲೆ ಒಂದು ಸಲ ಬಲ್ಬು ಮಿಣುಕ್ ಅಂದದ್ದಿಲ್ಲ ಮಾಮಿ" ಎನ್ನುತ್ತಿದ್ದ. ಅತ್ತೆ ಹಲೀಮ ಚಿಮಣಿ ಹಚ್ಚಿ ಅವನ ಮುಂದೆ ಇಡುತ್ತಿದ್ದರು. (ಅಳಿಯನ ಮುಖ ಕಾಣಲಿ ಎಂದೋ, ತೆರೆದ ಬಾಯಿಗೆ ಹುಳ ಹೋಗದಿರಲಿ ಎಂದೋ, ಈವರೆಗೆ ತಿಳಿದುಬಂದಿಲ್ಲ.)

ಆ ನಂಬಿಕೆ ಜನವರಿ ತಿಂಗಳ ಒಂದು ಸಂಜೆ, ಅಲ್ ಮುರಕ್ಕಬಾತ್‌ನ ಹಳೆಯ ಕಟ್ಟಡವೊಂದರ ಆರನೇ ಮಹಡಿಯಲ್ಲಿ, ಫ್ರಿಜ್ಜು ಒಂದು ದೀರ್ಘ ನಿಟ್ಟುಸಿರು ಬಿಟ್ಟು ಸುಮ್ಮನಾದ ಕ್ಷಣದಲ್ಲಿ ತೀರಿಕೊಂಡಿತು.

ಸೂಚನೆ ಇರಲಿಲ್ಲವೆಂದಲ್ಲ. ಹಿಂದಿನ ದಿನದಿಂದಲೇ ಎಲ್ಲರ ಮೊಬೈಲುಗಳು ಒಟ್ಟಿಗೆ ಕಿರುಚಿ ಎಚ್ಚರಿಸಿದ್ದವು: ಬಿರುಗಾಳಿ, ಗುಡುಗು, ಆಲಿಕಲ್ಲು, ಸುಮ್ಮನೆ ಹೊರಗೆ ಹೋಗಬೇಡಿ. ಆಫೀಸಿನವರು ಮನೆಯಲ್ಲೇ ಕೂತು ಕೆಲಸ ಮಾಡಿ ಎಂದರು. ಕರಾವಳಿಯಲ್ಲಿ ಹುಟ್ಟಿದವನಿಗೆ ಮಳೆಯ ಎಚ್ಚರಿಕೆಯೆಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದು ನೌಶಾದ್ ನಕ್ಕ. ಬಾಲ್ಕನಿಯಲ್ಲಿ ನಿಂತು, ಬನಿಯನ್ನಿನಲ್ಲೇ, ಆಲಿಕಲ್ಲಿನ ವೀಡಿಯೊ ಮಾಡಿದ. ಮಧ್ಯಾಹ್ನದೊಳಗೆ ಊರಿನ ಗ್ರೂಪುಗಳಲ್ಲಿ ಆ ವೀಡಿಯೊ ಓಡಾಡುತ್ತಿತ್ತು. ನೌಶಾದನ ಮೂಗು ಮಾತ್ರ ಸಂಪೂರ್ಣ ಬಂದ್ ಆಗಿತ್ತು.

ಸಂಜೆ ನೆಲಮಾಳಿಗೆಯ ಕರೆಂಟಿನ ಕೋಣೆಗೆ ನೀರು ನುಗ್ಗಿತು. ಕಟ್ಟಡ ಕತ್ತಲಾಯಿತು. ಲಿಫ್ಟು ನಿಂತಿತು, ಪಂಪು ನಿಂತಿತು, ಕರೆಂಟಿನ ಒಲೆಯೂ ತಣ್ಣಗಾಯಿತು.

"ಮೇಣದ ಬತ್ತಿ ಎಲ್ಲುಂಟು?" ಎಂದು ನೌಶಾದ್ ಕತ್ತಲಿಗೆ ಕೇಳಿದ.

"ಉಳ್ಳಾಲದಲ್ಲುಂಟು" ಎಂದಿತು ಕತ್ತಲು, ಹೆಂಡತಿ ಸಫೀನಾಳ ಸ್ವರದಲ್ಲಿ. "ಉಮ್ಮ ಕೊಟ್ಟದ್ದನ್ನು ಪೆಟ್ಟಿಗೆಯಿಂದ ತೆಗೆದು ಹೊರಗಿಟ್ಟದ್ದು ಯಾರು?"

"ತೂಕ ಜಾಸ್ತಿ ಆಗ್ತಿತ್ತು ಮಾರಾಯ್ತಿ."

"ಅರ್ಧ ಡಜನ್ ಬತ್ತಿಗೆ ತೂಕವಾ? ನಿಮ್ಮ ಬೂಟು ಹಾಕಿದ್ರಲ್ಲ, ಅದನ್ನು ಗಾಳಿಯಲ್ಲಿ ಮಾಡಿದ್ದಾ?"

ಕೊನೆಗೆ ಸಿಕ್ಕಿದ್ದು ಯಾವುದೋ ಮಗುವಿನ ಹುಟ್ಟುಹಬ್ಬದಲ್ಲಿ ಉಳಿದ, ಮೂರು ಎಂಬ ಅಂಕಿಯ ಆಕಾರದ ಒಂದು ಗುಲಾಬಿ ಬತ್ತಿ. ಅದರ ಬೆಳಕಿನಲ್ಲಿ ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಂಡರು. ಇಬ್ಬರಿಗೂ ಒಂದೇ ಸಲ ಹೊಳೆಯಿತು.

"ಫ್ರೀಜರ್" ಎಂದಳು ಸಫೀನ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಊರಿನಿಂದ ಗಲ್ಫಿಗೆ ಬರುವ ಕರಾವಳಿಯವನ ಪೆಟ್ಟಿಗೆ ಅವನದ್ದಲ್ಲ. ಅದು ಹಲವು ಮನೆಗಳ ಹಲವು ತಾಯಂದಿರ ಆಸ್ತಿ. ಅವನು ಕೇವಲ ಅದಕ್ಕೆ ಕಟ್ಟಿದ ಹಿಡಿಕೆ. ಯಾರದ್ದೋ ಉಪ್ಪಿನಕಾಯಿ, ಯಾರದ್ದೋ ಹಪ್ಪಳ, ಇನ್ಯಾರದ್ದೋ ಮಸಾಲೆ ಹಚ್ಚಿ ಕಲ್ಲಿನಂತೆ ಹೆಪ್ಪುಗಟ್ಟಿಸಿದ ಮೀನು ಅದರಲ್ಲಿ ಬರುತ್ತದೆ. ತಂದವನ ಮನೆಗೆ ಬಂದು ಅವರವರ ಪೊಟ್ಟಣ ಅವರವರು ಒಯ್ಯುತ್ತಾರೆ. ಅಲ್ಲಿಯವರೆಗೆ ಅದು ಅಮಾನತು, ನಂಬಿ ಇಟ್ಟ ವಸ್ತು. ಅಮಾನತಿನ ಪೊಟ್ಟಣವನ್ನು ಬಿಚ್ಚಿದವನು ಈ ಲೋಕದಲ್ಲಿ ವಾಟ್ಸಾಪಿಗೂ ಪರಲೋಕದಲ್ಲಿ ಅಲ್ಲಾಹನಿಗೂ ಉತ್ತರ ಕೊಡಬೇಕು.

ನೌಶಾದ್ ದಂಪತಿಗಳು ರಜೆ ಮುಗಿಸಿ ಬಂದು ಎರಡೇ ದಿನವಾಗಿತ್ತು. ಫ್ರೀಜರಿನಲ್ಲಿ ಎರಡು ಪೊಟ್ಟಣಗಳಿದ್ದವು. ಎರಡರಲ್ಲೂ ಅಂಜಲ್ ಮೀನು, ಎರಡಕ್ಕೂ ಕೆಂಪು ಮಸಾಲೆ, ಎರಡೂ ಬೆಳ್ಳಿ ಕಾಗದದಲ್ಲಿ ಸುತ್ತಿದವು. ಒಂದು ಅತ್ತೆ ಹಲೀಮ ಮಗಳಿಗೆ ಕೊಟ್ಟದ್ದು. ಇನ್ನೊಂದು ಭಟ್ಕಳದ ಸಾಲಿಹಾ ಎಂಬ ವೃದ್ಧೆ ತಮ್ಮ ಮಗ ನಿಝಾಮುದ್ದೀನರಿಗೆ ಕಳಿಸಿದ್ದು. ಈ ನಿಝಾಮುದ್ದೀನ್ ಸಾಹೇಬರು ನೌಶಾದನ ಮ್ಯಾನೇಜರು.

ಸಾಹೇಬರು ಕೇಳಿರಲಿಲ್ಲ. ನೌಶಾದನೇ ರಜೆಗೆ ಹೊರಡುವ ಮುಂಚೆ ಅವರ ಬಾಗಿಲಲ್ಲಿ ಅರ್ಧ ದೇಹ ಮಾತ್ರ ಒಳಗಿಟ್ಟು, "ಊರಿಂದ ಏನಾದ್ರೂ ತರ್ಲಿಕ್ಕುಂಟಾ ಸರ್? ನನ್ನ ಪೆಟ್ಟಿಗೆ ಖಾಲಿಯೇ ಇರ್ತದೆ" ಎಂದು ಸುಳ್ಳು ಹೇಳಿದ್ದ. ಕಾರಣವಿತ್ತು. ಕಂಪನಿ ಅಬುಧಾಬಿಯಲ್ಲಿ ಹೊಸ ಶಾಖೆ ತೆರೆಯುವುದಿತ್ತು. ಅದರ ಉಸ್ತುವಾರಿ ನೌಶಾದನಿಗೋ, ಪಕ್ಕದ ಟೇಬಲ್ಲಿನ ತೌಫೀಕನಿಗೋ ಎಂಬುದನ್ನು ಸಾಹೇಬರು ಆ ವಾರವೇ ತೀರ್ಮಾನಿಸುವವರಿದ್ದರು. ಉಸ್ತುವಾರಿಯ ಜೊತೆಗೆ ಅಲ್ಲಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಫ್ಯಾಮಿಲಿ ಫ್ಲ್ಯಾಟು. ಸಫೀನಾಳ ಅಕ್ಕ ಜಸೀಲ ಇರುವುದು ಅಲ್ಲೇ. ಕಿಟಕಿಯೇ ಇಲ್ಲದ ಅಡುಗೆಮನೆಯಲ್ಲಿ ಮೀನು ಹುರಿದು ಹುರಿದು ತಲೆದಿಂಬಿಗೂ ಬಂಗುಡೆಯ ವಾಸನೆ ಹಿಡಿಸಿಕೊಂಡಿದ್ದ ಸಫೀನ, ಅಲ್ಲಿನ ಅಡುಗೆಮನೆಗೆ ಎರಡು ಕಿಟಕಿಗಳುಂಟೆಂದು ಅಕ್ಕನಿಂದ ಕೇಳಿ ತಿಳಿದಿದ್ದಳು. ಎರಡರಲ್ಲೊಂದರಲ್ಲಿ ಕೊತ್ತಂಬರಿ ಬೆಳೆಸುವುದೆಂದೂ ನಿರ್ಧರಿಸಿದ್ದಳು.

ಹೀಗೆ ಎರಡು ಕಿಟಕಿಗಳು ಒಂದು ಹೆಪ್ಪುಗಟ್ಟಿದ ಮೀನಿನ ಮೇಲೆ ನಿಂತಿದ್ದವು. ಈಗ ಮೀನು ಕರಗತೊಡಗಿತ್ತು.

"ಬಾಗಿಲು ತೆಗೀದಿದ್ರೆ ನಾಳೆವರೆಗೆ ಎಂತ ಆಗುದಿಲ್ಲ. ಊರಲ್ಲಿ ನಾವು ಹಾಗೇ ಮಾಡುದು" ಎಂದಳು ಸಫೀನ.

ನೌಶಾದನಿಗೆ ಇದು ಒಪ್ಪಿಗೆಯಾಯಿತು. ಆದರೆ ಬಾಗಿಲು ತೆಗೆಯದೆ ಇದ್ದರೆ ಒಳಗೆ ಕರಗುತ್ತಿಲ್ಲವೆಂದು ತಿಳಿಯುವುದು ಹೇಗೆ? ಆದ್ದರಿಂದ ಅವನು ಆಗಾಗ ಬಾಗಿಲು ತೆಗೆದು, ಐಸಿಯುಗೆ ಹೋಗಿಬರುವ ಡಾಕ್ಟರನ ಹಾಗೆ, ಪೊಟ್ಟಣಗಳನ್ನು ಬೆರಳಿನಿಂದ ಒತ್ತಿ ನೋಡಿ, "ಗಟ್ಟಿ ಉಂಟು" ಎಂದು ವರದಿ ಕೊಡುತ್ತಿದ್ದ. ಸ್ವಲ್ಪ ಹೊತ್ತಿಗೆ "ಬದಿ ಸ್ವಲ್ಪ ಮೆತ್ತಗೆ" ಎಂದ. ಮತ್ತೂ ಸ್ವಲ್ಪ ಹೊತ್ತಿಗೆ, ಯಾರೋ ಹೊರಗಿನವರು ಪಿತೂರಿ ಮಾಡಿದ್ದಾರೆಂಬ ಸ್ವರದಲ್ಲಿ, "ಕರಗ್ತಾ ಉಂಟು ಸಫೀ" ಎಂದ.

"ನೀವು ತೆಗ್ದು ತೆಗ್ದು ನೋಡಿದ್ರೆ ಹಿಮಾಲಯ ಸಹ ಕರಗ್ತದೆ."

ಆಗಲೇ ನೌಶಾದನಿಗೆ ಮಹತ್ತರವಾದ ಉಪಾಯವೊಂದು ಹೊಳೆದದ್ದು. (ಅವನ ಜೀವನದ ಎಲ್ಲ ಅನಾಹುತಗಳೂ ಮೊದಲು ಉಪಾಯದ ವೇಷದಲ್ಲೇ ಬಂದಿವೆ.) ಮನೆಯಲ್ಲಿರುವ ಅಷ್ಟೂ ಐಸನ್ನು, ಜೊತೆಗೆ ಫ್ರೀಜರಿನ ಬಟಾಣಿ, ಪರೋಟ, ಎಲ್ಲವನ್ನೂ ಥರ್ಮಾಕೋಲ್ ಪೆಟ್ಟಿಗೆಗೆ ತುಂಬಿ ಸಾಹೇಬರ ಅಮಾನತನ್ನು ಉಳಿಸುವುದು. ತಮ್ಮ ಪಾಲಿನ ಮೀನನ್ನು ಈಗಲೇ ಕೆಂಡದಲ್ಲಿ ಸುಟ್ಟು ತಿನ್ನುವುದು. ಕೆಂಡಕ್ಕೆ ಬರವಿರಲಿಲ್ಲ. ಎದುರು ಫ್ಲ್ಯಾಟಿನ ಆನ್ಸೆಲ್ಮ್, ಮಂಗಳೂರಿನ ಬಜ್ಪೆಯವನು, ಚಳಿಗಾಲದಲ್ಲಿ ಮರುಭೂಮಿಗೆ ಹೋಗಿ ಕೋಳಿ ಸುಡಲೆಂದು ಬಾರ್ಬೆಕ್ಯೂ ಒಲೆ, ಇದ್ದಿಲು ಎಲ್ಲ ಇಟ್ಟುಕೊಂಡಿದ್ದ.

"ಸಾಲ ಕೊಡ್ತೀಯಾ ಅಂತ ಕೇಳು, ಕೊಡ್ತೇನೆ. ಒಲೆ ಕೊಡ್ತೀಯಾ ಅಂತ ಕೇಳ್ಬೇಡ, ಒಲೆಯ ಜೊತೆ ನಾನೇ ಬರ್ತೇನೆ" ಎಂದ ಆನ್ಸೆಲ್ಮ್, ಒಲೆಯನ್ನು ಆಗಲೇ ಬಗಲಲ್ಲಿ ಇರುಕಿಕೊಂಡು. "ಮತ್ತೆ ನೋಡು, ಇದರಲ್ಲಿ ಕೋಳಿ ಬಿಟ್ಟು ಹಂದಿ ಗಿಂದಿ ಎಂತದೂ ಸುಟ್ಟಿಲ್ಲ. ಪ್ಯಾಟ್ರಿಶಿಯಾಳ ಆಣೆ."

"ನಿಮ್ಮ ಆಣೆ ಹಾಕಿ, ನನ್ನದು ಎಂತಕ್ಕೆ?" ಎಂದಳು ಅವನ ಹೆಂಡತಿ ಪ್ಯಾಟ್ರಿಶಿಯಾ ಒಳಗಿನಿಂದ.

ಮೊದಲ ಮಹಡಿಯ ಕಾರ್ ಪಾರ್ಕಿಂಗಿಗೆ ಮೂರು ಕಡೆ ಗೋಡೆಯಿಲ್ಲ, ಮೇಲೆ ಮಾಡುಂಟು. ಕೆಳಗೆ ರಸ್ತೆ ಹೊಳೆಯಾಗಿ ಹರಿಯುತ್ತಿತ್ತು. ಒಂದು ಪ್ಲಾಸ್ಟಿಕ್ ಕುರ್ಚಿ ಯಾವ ಅವಸರವೂ ಇಲ್ಲದೆ ತೇಲಿ ಸಿಗ್ನಲ್ ದಾಟಿತು. ಕಟ್ಟಡದ ನಾತೂರ್, ಅಂದರೆ ಕಾವಲುಗಾರ, ಅದ್ದುಕಾಕ ಮೆಟ್ಟಿಲ ಬುಡದಲ್ಲಿ ಅಡ್ಡ ನಿಂತರು.

"ಇಲ್ಲಿ ಬೆಂಕಿ ಮಾಫಿ, ಹಚ್ಲಿಕ್ಕೇ ಇಲ್ಲ. ಬಲದಿಯಾದವರು, ಮುನ್ಸಿಪಾಲಿಟಿಯವರು ಬಂದ್ರೆ ನನ್ನ ಗತಿ ಎಂತ?"

"ಈ ನೀರಲ್ಲಿ ಬಲದಿಯಾದವರು ಬರ್ಬೇಕಾದ್ರೆ ದೋಣಿ ಬೇಕು ಕಾಕ" ಎಂದ ನೌಶಾದ್.

ಅದ್ದುಕಾಕ ರಸ್ತೆಯನ್ನು ನೋಡಿದರು, ಇದ್ದಿಲಿನ ಚೀಲವನ್ನು ನೋಡಿದರು. "ಮೀನು ಯಾವುದು?"

"ಅಂಜಲ್."

"ಕಾರಿಂದ ದೂರ ಇಡಿ. ನಾನು ಮರಳಿನ ಬಾಲ್ದಿ ತರ್ತೇನೆ. ಬಾಲದ ತುಂಡು ಯಾರಿಗೂ ಬೇಡ ಆದ್ರೆ ಬಿಸಾಡ್ಬೇಡಿ."

ಸಫೀನ ಪ್ಯಾಟ್ರಿಶಿಯಾಳ ಮನೆಗೆ ತಟ್ಟೆಗಳನ್ನು ಹೊಂದಿಸಲು ಹೋದಳು. ಹೋಗುವಾಗ ಬೆರಳು ತೋರಿಸಿ ಹೇಳಿದಳು: "ಮೀನು ನಾನು ಬಂದು ತೆಗೀತೇನೆ. ನೀವು ಮುಟ್ಲಿಕ್ಕಿಲ್ಲ."

ಅವಳು ಬರುವುದು ಸ್ವಲ್ಪ ತಡವಾಯಿತು. ಕೆಳಗೆ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಆನ್ಸೆಲ್ಮ್ ಪಿಜ್ಜಾ ಡಬ್ಬಿಯ ಮುಚ್ಚಳದಲ್ಲಿ ಬೀಸಿ ಬೀಸಿ ಸಾಕಾಗಿ, ಐದು ಮಹಡಿ ಹತ್ತಿ ಬಂದು, "ಮೀನು ಎಲ್ಲಿ ಮಾರಾಯ, ಕೆಂಡ ತಿನ್ನುದಾ?" ಎಂದ. ನೌಶಾದ್ ಫ್ರೀಜರ್ ತೆರೆದ. ಪೊಟ್ಟಣಗಳ ಮೇಲೆ ಅವನೇ ಪೆನ್ನಿನಲ್ಲಿ ಹೆಸರು ಬರೆದು ಅಂಟಿಸಿದ್ದ. ಕರಗಿದ ನೀರಿನಲ್ಲಿ ಎರಡೂ ಹೆಸರುಗಳು ತೊಳೆದುಹೋಗಿ, ಎರಡರ ಮೇಲೂ ಒಂದೇ ಬಗೆಯ ನೀಲಿ ಮೋಡ ನಿಂತಿತ್ತು.

"ಸಫೀನಾಳನ್ನು ಕರಿ" ಎಂದ ಆನ್ಸೆಲ್ಮ್, ಟಾರ್ಚು ಹಿಡಿದು.

"ಎಂತಕ್ಕೆ? ನಾನು ಬ್ಯಾರಿ. ನಮ್ಮ ಮಾಮಿಯ ಮಸಾಲೆಯನ್ನು ನೂರು ಮನೆಯ ಮಸಾಲೆಯ ಮಧ್ಯೆ ಮೂಗಿಂದ ಹಿಡೀತೇನೆ."

"ನಿನ್ನ ಮೂಗು ಬೆಳಿಗ್ಗೆಯಿಂದ ಸೋರ್ತಾ ಉಂಟು."

"ಸೋರಿದ್ರೆ ಶಕ್ತಿ ಹೋಗುದಿಲ್ಲ."

ಅವನು ಮೊದಲ ಪೊಟ್ಟಣದ ಮೂಲೆ ಬಿಡಿಸಿ, ಕಣ್ಣು ಮುಚ್ಚಿ, ಅತ್ತರಿನ ಅಂಗಡಿಯ ಶೇಖನ ಗಾಂಭೀರ್ಯದಿಂದ ಮೂಸಿದ. ಏನೂ ಬರಲಿಲ್ಲ. ಎರಡನೆಯದನ್ನು ಮೂಸಿದ. ಅಲ್ಲಿಯೂ ಏನೂ ಬರಲಿಲ್ಲ. ಆದರೆ ಆನ್ಸೆಲ್ಮ್ ನೋಡುತ್ತಿದ್ದ. ಒಂದು ಜನಾಂಗದ ಮರ್ಯಾದೆ ಆ ಮೂಗಿನ ತುದಿಯಲ್ಲಿ ತೂಗುತ್ತಿತ್ತು. "ಇದೇ" ಎಂದ ನೌಶಾದ್, ಬಲಗೈಯದ್ದನ್ನು ಎತ್ತಿ. "ಸಂಶಯವೇ ಇಲ್ಲ. ಮಾಮಿ ಎದುರಿಗೆ ನಿಂತ ಹಾಗೆ ಉಂಟು."

ಎಡಗೈಯದ್ದನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಲಗಿಸಿ, ಸುತ್ತ ಐಸು ತುಂಬಿ, ಬಿಸ್ಮಿ ಹೇಳಿ ಮುಚ್ಚಳಕ್ಕೆ ಟೇಪು ಹೊಡೆದ.

ಮುಂದಿನ ಸ್ವಲ್ಪ ಹೊತ್ತು ನೌಶಾದನ ದುಬೈ ಜೀವನದ ಸುವರ್ಣಯುಗ. ಮೀನಿನ ಮೊದಲ ತುಂಡು ಕೆಂಡದ ಮೇಲೆ ಚುರ್ ಎಂದದ್ದೇ ತಡ, ಹೊಗೆ ಕತ್ತಲಿನ ಮೆಟ್ಟಿಲುಗಳನ್ನು ಹತ್ತಿ ಪ್ರತಿ ಬಾಗಿಲನ್ನೂ ತಟ್ಟಿತು. ಅದುವರೆಗೆ ಲಿಫ್ಟಿನಲ್ಲಿ ಎದುರಾದರೂ ಮೊಬೈಲಿನೊಳಗೆ ಮುಖ ಹುದುಗಿಸುತ್ತಿದ್ದವರು ಇಳಿದು ಬಂದರು. ಫಿಲಿಪ್ಪೀನಿನ ಇಬ್ಬರು ನರ್ಸುಗಳು ಅನ್ನದ ಪಾತ್ರೆ ತಂದರು, ಈಜಿಪ್ಟಿನ ಮೇಷ್ಟರೊಬ್ಬರು ರೊಟ್ಟಿಯ ಕಟ್ಟು ತಂದರು, ಪೇಶಾವರದ ಟ್ಯಾಕ್ಸಿಯವನು ಫ್ಲಾಸ್ಕಿನಲ್ಲಿ ಚಹಾ ತಂದ. ಗಾಳಿ ಬೀಸಿದಾಗ ಮಳೆ ಅಡ್ಡಲಾಗಿ ಬಂದು ಎಲ್ಲರನ್ನೂ ನೆನೆಸುತ್ತಿತ್ತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಎರಡು ಹೆಜ್ಜೆ ಮೀನಿನ ಕಡೆಗೆ ಬರುತ್ತಿದ್ದರು. ಮಕ್ಕಳು ಟಾರ್ಚು ಹಿಡಿದು ಕಾರುಗಳ ನಡುವೆ ಓಡುತ್ತಿದ್ದರು. "ಮಳೆಗೆ ಹೋಗ್ಬೇಡ ಬಾಬಾ" ಎಂದು ಪ್ಯಾಟ್ರಿಶಿಯಾ ಕರೆದರೆ ಅವಳ ಮಗ, "ಮಮ್ಮಾ, ದಿಸ್ ಈಸ್ ದ ಬೆಸ್ಟ್ ಡೇ ಎವರ್" ಎಂದು ಮಳೆಗೇ ಹೋದ. ನೌಶಾದ್ ಹಣೆಗೆ ಟವೆಲು ಕಟ್ಟಿ, ಇಕ್ಕಳ ಹಿಡಿದು, ಮೂರು ಭಾಷೆಗಳಲ್ಲಿ ಆತಿಥ್ಯ ಮಾಡುತ್ತಿದ್ದ: "ಯಲ್ಲಾ, ಬನ್ನಿ, ಖಾವೋ, ನಮ್ಮ ಮಾಮಿಯ ಮಸಾಲೆ."

ಸಫೀನ ತಟ್ಟೆಗಳ ರಾಶಿಯೊಂದಿಗೆ ಇಳಿದು ಬಂದಳು. ಒಲೆಯ ಹತ್ತಿರ ಬಂದು ನಿಂತಳು. ಒಂದು ತುಂಡನ್ನು ಟಾರ್ಚಿನ ಬೆಳಕಿಗೆ ಹಿಡಿದಳು.

"ಇದು ಯಾವ ಮೀನು?"

"ನಮ್ಮದು."

"ಉಮ್ಮ ಹೆಬ್ಬೆರಳು ದಪ್ಪಕ್ಕೆ ಕೊಯ್ತಾರೆ. ಇದು ಪಾಸ್‌ಪೋರ್ಟಿನ ಹಾಗೆ ತೆಳು ಉಂಟು." ಮೂಲೆಯಿಂದ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವಳ ಮುಖದಲ್ಲಿ ಮೊದಲು ರುಚಿ ಬಂತು, ಅನಂತರ ಭಯ ಬಂತು. "ಇದರಲ್ಲಿ ಪುನರ್ಪುಳಿ ಉಂಟು. ನಮ್ಮಲ್ಲಿ ಹುಣಸೆಹುಳಿ. ಇದು ಭಟ್ಕಳದ್ದು. ಇದು ಅಮಾನತು."

ನೌಶಾದನ ಕೈಯ ಇಕ್ಕಳ ಗಾಳಿಯಲ್ಲೇ ನಿಂತಿತು. ಅವನು ಸುತ್ತ ನಿಂತವರ ಕಡೆ ನೋಡಿದ. ಅಮಾನತಿನ ಮುಕ್ಕಾಲು ಪಾಲು ಈಗಾಗಲೇ ನಾಲ್ಕು ದೇಶಗಳ ಹೊಟ್ಟೆಯಲ್ಲಿತ್ತು. ಉಳಿದ ಪಾಲನ್ನು ಅದ್ದುಕಾಕ ಬಾಲದ ಕಡೆಯಿಂದ ಶುರುಮಾಡಿದ್ದರು.

"ನೋಡು ಸಫೀ, ಸಾಹೇಬರು ಈ ನೀರಲ್ಲಿ ಇವತ್ತು ಬರ್ಲಿಕ್ಕಿಲ್ಲ. ನಾಳೆ ಯೋಚನೆ..."

"ಅಸ್ಸಲಾಮು ಅಲೈಕುಂ" ಎಂದಿತು ಬೆನ್ನ ಹಿಂದಿನಿಂದ ಒಂದು ಧ್ವನಿ.

ನಿಝಾಮುದ್ದೀನ್ ಸಾಹೇಬರು ನಿಂತಿದ್ದರು. ಆಫೀಸಿನಲ್ಲಿ ಇಸ್ತ್ರಿಯ ಗೆರೆಗೆ ಸುಕ್ಕು ಬೀಳದಂತೆ ಕೂರುವ ಮನುಷ್ಯ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬೂಟುಗಳಿಗೆ ಸೂಪರ್‌ಮಾರ್ಕೆಟ್ಟಿನ ಚೀಲ ಕಟ್ಟಿಕೊಂಡು, ಗಡ್ಡದಿಂದ ನೀರು ತೊಟ್ಟಿಕ್ಕಿಸುತ್ತ ನಿಂತಿದ್ದರು.

"ಅಮ್ಮ ಬೆಳಿಗ್ಗೆಯಿಂದ ಫೋನು ಮಾಡ್ತಾ ಇದ್ದಾರೆ. ಸಿಕ್ತಾ, ಸಿಕ್ತಾ ಅಂತ. ಈ ಮಳೆಗೆ ಕರೆಂಟು ಹೋದ್ರೆ ಮೀನು ಹಾಳಾಗ್ತದೆ ಅಂತ ಅಳ್ತಾರೆ. ಕಾರು ಬಿಟ್ಟು ನಡ್ಕೊಂಡೇ ಬಂದೆ ನೌಶಾದ್." ಅವರು ಗಾಳಿಯನ್ನು ಒಮ್ಮೆ ಎಳೆದುಕೊಂಡರು. "ದಾರಿ ಕೇಳ್ಬೇಕಾಗಿಯೇ ಬರಲಿಲ್ಲ. ಸಿಗ್ನಲಿನಿಂದಲೇ ಈ ವಾಸನೆ ಹಿಡ್ಕೊಂಡು ಬಂದೆ. ಏನು ಸುಡ್ತಾ ಇದ್ದೀರಿ?"

ಆತಿಥ್ಯಕ್ಕೆ ಕಣ್ಣಿಲ್ಲ. ಏನೂ ಅರಿಯದ ಪ್ಯಾಟ್ರಿಶಿಯಾ ಒಂದು ತುಂಡನ್ನು ತಟ್ಟೆಗೆ ಹಾಕಿ ಅವರ ಕೈಗಿತ್ತಳು. ಸಾಹೇಬರು ಒಂದು ತುತ್ತು ತಿಂದರು. ಕಣ್ಣು ಮುಚ್ಚಿದರು. ಗುಡುಗು ಬಂದು ಹೋಯಿತು. ಅವರು ಕಣ್ಣು ತೆರೆಯಲಿಲ್ಲ. ತೆರೆದಾಗ ಅವು ಒದ್ದೆಯಾಗಿದ್ದವು, ಮತ್ತು ಅದು ಮಳೆಯದ್ದಾಗಿರಲಿಲ್ಲ.

"ಇದು ಯಾರ ಕೈ?"

ಮನುಷ್ಯನ ಬದುಕಿನಲ್ಲಿ ಸತ್ಯ ಹೇಳಬಹುದಾದ ಒಂದು ಕ್ಷಣ ಬರುತ್ತದೆ. ನೌಶಾದನಿಗೆ ಅದು ಬಂದದ್ದು ಸ್ಪಷ್ಟವಾಗಿ ಕಂಡಿತು. ಅದು ಹಾದುಹೋಗುವವರೆಗೆ ಮರ್ಯಾದೆಯಿಂದ ಬದಿಗೆ ನಿಂತ. "ಸಫೀನ ಮಾಡಿದ್ದು ಸರ್" ಎಂದ.

ಸಫೀನ ಅವನ ಕಾಲಿನ ಮೇಲೆ ತನ್ನ ಕಾಲಿಟ್ಟು, ಇಡೀ ದೇಹದ ಭಾರ ಹಾಕಿದಳು.

"ಬೆಹನ್, ನಿಮ್ಮದು ಭಟ್ಕಳವಾ?"

"ಅಲ್ಲ ಸರ್. ಉಳ್ಳಾಲ."

"ಸುಭಾನಲ್ಲಾಹ್. ನಮ್ಮ ಅಮ್ಮನದೇ ಕೈ. ತುಂಡು ಕೊಯ್ದದ್ದೂ ಹಾಗೇ, ತೆಳ್ಳಗೆ."

"ಕೊಯ್ದದ್ದು ನಾನಲ್ಲ ಸರ್" ಎಂದಳು ಸಫೀನ. ಈ ಸುಳ್ಳಿನ ನಡುವೆ ತನ್ನದೊಂದು ಮಾತಾದರೂ ನಿಜವಿರಲಿ ಎಂದು.

ನೌಶಾದ್ ಕುಂಟುತ್ತ ಐದು ಮಹಡಿ ಹತ್ತಿ ಥರ್ಮಾಕೋಲ್ ಪೆಟ್ಟಿಗೆ ತಂದ. ಅತ್ತೆಯ ಮೀನನ್ನು ಸಾಹೇಬರ ಕೈಗೆ ಇಟ್ಟ. "ನಿಮ್ಮ ಅಮಾನತು ಸರ್. ಮನೆಯ ಐಸೆಲ್ಲ ಇದರಲ್ಲೇ ಉಂಟು."

ಸಾಹೇಬರು ಪೆಟ್ಟಿಗೆಯನ್ನು ಎದೆಗೊತ್ತಿಕೊಂಡರು. "ನಿಮ್ಮ ಮೀನನ್ನು ಕಂಡವರಿಗೆಲ್ಲ ಹಂಚಿ ನನ್ನದನ್ನು ಉಳಿಸಿದೆಯಾ? ಹೊಸ ಶಾಖೆಗೆ ಎಂಥವನು ಬೇಕು ಅಂತ ಇಷ್ಟು ದಿನ ಯೋಚನೆ ಮಾಡ್ತಾ ಇದ್ದೆ. ಖಲಾಸ್. ಯೋಚನೆ ಮುಗೀತು."

ಅವರು ಚೀಲದ ಬೂಟುಗಳಲ್ಲಿ ಚಪಚಪ ಎಂದು ನೀರಿಗಿಳಿದು ಮರೆಯಾದ ಮೇಲೆ ನೌಶಾದ್ ಆನ್ಸೆಲ್ಮ್‌ನನ್ನು ಹಿಡಿದು ಒಂದು ಸುತ್ತು ಕುಣಿದ. ಸಫೀನ ಮಾತ್ರ, "ಅಮಾನತಿನಲ್ಲಿ ಮೋಸ ಆಯ್ತು ಇದು" ಎಂದಳು.

"ಮೀನಿಗೆ ಮೀನು ಕೊಟ್ಟಾಯ್ತಲ್ಲ. ಎರಡು ಕಿಟಕಿ ನೆನಪುಂಟಾ?"

ಮರುದಿನ ಕರೆಂಟು ಬಂದಾಗ ಅವಳು ಅಕ್ಕನಿಗೆ ಫೋನು ಮಾಡಿ ಪರದೆಗೆ ಎಷ್ಟು ಬಟ್ಟೆ ಬೇಕೆಂದು ಕೇಳಿದ್ದು ನೌಶಾದನ ಕಿವಿಗೆ ಬಿತ್ತು.

ನೀರಿಳಿದು ಆಫೀಸು ತೆರೆದ ದಿನ ಸಾಹೇಬರು ಅವನನ್ನು ಒಳಗೆ ಕರೆದರು. ನೌಶಾದ್ ಕೂದಲು ಬಾಚಿ, ವಿನಯದ ಮುಖ ಧರಿಸಿ ಹೋದ. ಸಾಹೇಬರ ಮುಖ ಬಾಡಿತ್ತು.

"ನಿನ್ನೆ ಅಮ್ಮನ ಮೀನು ಹುರಿದು ತಿಂದೆ ನೌಶಾದ್. ಏನು ಹೇಳುವುದು? ಅಮ್ಮನಿಗೆ ವಯಸ್ಸಾಯ್ತು. ಕೈಯ ರುಚಿ ಹೋಗಿದೆ. ಹುಳಿ ಒಂದು ಕಡೆ, ಖಾರ ಒಂದು ಕಡೆ, ತುಂಡು ನೋಡಿದರೆ ಸೌದೆ ಸೀಳಿದ ಹಾಗೆ. ಊಟ ಬಿಟ್ಟು ಎದ್ದುಬಿಟ್ಟೆ."

"ಅಯ್ಯೋ ಸರ್" ಎಂದ ನೌಶಾದ್. ಈ ಎರಡು ಶಬ್ದಗಳಲ್ಲಿ ಅವನ ಅತ್ತೆಯ ಮೂವತ್ತು ವರ್ಷಗಳ ಕೀರ್ತಿ ಮಣ್ಣಾಯಿತು.

"ಆವಾಗ ಅರ್ಥ ಆಯ್ತು. ನನ್ನ ಹೆಂಡತಿ ಮಕ್ಕಳು ಊರಲ್ಲಿ. ಅಮ್ಮನ ರುಚಿ ಅಂತ ಈ ಲೋಕದಲ್ಲಿ ಇನ್ನು ನನಗೆ ಉಳಿದದ್ದು ಒಂದೇ ಕಡೆ. ನಿನ್ನ ಮನೆಯಲ್ಲಿ." ಸಾಹೇಬರು ಮುಂದೆ ಬಾಗಿ ಅವನ ಕೈ ಹಿಡಿದರು. "ಅಬುಧಾಬಿಗೆ ನಿನ್ನ ಹೆಸರನ್ನೇ ಬರೆದಿದ್ದೆ. ಬೆಳಿಗ್ಗೆ ಬದಲಿಸಿದೆ. ತೌಫೀಕ್ ಹೋಗ್ತಾನೆ. ನಿನ್ನನ್ನು ನಾನು ಎಲ್ಲಿಗೂ ಬಿಡುವುದಿಲ್ಲ. ಪ್ರತಿ ಭಾನುವಾರ ನಿಮ್ಮಲ್ಲಿ ಊಟಕ್ಕೆ ಬರ್ತೇನೆ. ಮೀನು ಸಾಕು. ಬೆಹನ್‌ಗೆ ಕಷ್ಟ ಆಗ್ತದಾ?"

ಸತ್ಯ ಹೇಳಿದರೆ ಅಮಾನತು ತಿಂದ ಕಳ್ಳ, ಮೇಲೆ ಸುಳ್ಳುಗಾರ. ಹೇಳದಿದ್ದರೆ ಭಾನುವಾರ. ನೌಶಾದ್ ಭಾನುವಾರವನ್ನು ಆರಿಸಿಕೊಂಡ. "ಎಂತ ಕಷ್ಟ ಸರ್" ಎಂದ. ಹೊರಗೆ ತೌಫೀಕ್ ಎಲ್ಲರಿಗೂ ಕುನಾಫ ಎಂಬ ಅರಬ್ಬರ ಸಿಹಿ ಹಂಚುತ್ತಿದ್ದ. ನೌಶಾದನಿಗೆ ದೊಡ್ಡ ತುಂಡನ್ನೇ ಕೊಟ್ಟ.

ಮನೆಯಲ್ಲಿ ಸಫೀನ ಎಲ್ಲವನ್ನೂ ಶಾಂತವಾಗಿ ಕೇಳಿದಳು. ಕಿಟಕಿ ಹೋದದ್ದನ್ನು ಕೇಳಿದಳು, ತೌಫೀಕ್ ಹೋಗುವುದನ್ನು ಕೇಳಿದಳು. ಅನಂತರ ಕೇಳಿದಳು: "ಸೌದೆ ಸೀಳಿದ ಹಾಗೆ ಅಂದ್ರಾ?"

"ಅವರಿಗೆ ಗೊತ್ತಿಲ್ಲದೆ..."

"ನಮ್ಮ ಉಮ್ಮನ ಮೀನಿಗೆ? ಊಟ ಬಿಟ್ಟು ಎದ್ರಾ? ನೀವು ಎಂತ ಹೇಳಿದ್ರಿ?"

"ಅಯ್ಯೋ ಸರ್ ಅಂದೆ."

ಸಫೀನ ತೀರ್ಪು ಕೊಟ್ಟಳು. ಭಾನುವಾರದ ಮೀನನ್ನು ಅವಳು ಮುಟ್ಟುವುದಿಲ್ಲ. ಸಫೀನ ಮಾಡಿದ್ದೆಂದು ಹೇಳಿದ ಬಾಯಿ ಯಾವುದೋ, ಅದೇ ಬಾಯಿಯ ಕೈಗಳು ಮಾಡಲಿ.

ಕುಕ್ಕರಿನ ಮುಚ್ಚಳ ಹಾಕಲು ಬಾರದ ನೌಶಾದ್ ಶನಿವಾರ ಮೀನು ಮಾರುಕಟ್ಟೆಯಿಂದ ಅಂಜಲ್ ತಂದು, ಅದರ ಮುಂದೆ ತಲೆಗೆ ಕೈಹೊತ್ತು ಕೂತಿದ್ದಾಗ ಫೋನು ಬಂತು. ಪೊಟ್ಟಣ ಕೊಡುವಾಗ ಅವನ ನಂಬರು ಬರೆಸಿಕೊಂಡಿದ್ದ ಸಾಲಿಹಾ ಅಮ್ಮ, ಭಟ್ಕಳದಿಂದ.

"ನೌಶಾದನಾ? ನನ್ನ ಮಗ ಹೇಳಿದ, ಅಮ್ಮಾ ನಿಮ್ಮ ಮೀನು ಹುಣಸೆ ಹುಳಿ ಆಗಿತ್ತು ಅಂತ."

"ಹೌದಾ ಅಮ್ಮ?"

"ನಾನು ಹುಟ್ಟಿದ ಮೇಲೆ ಮೀನಿಗೆ ಹುಣಸೆ ಹಾಕಿದವಳಲ್ಲ."

ನೌಶಾದ್ ಎಲ್ಲವನ್ನೂ ಕಕ್ಕಿದ: ಮೂಗು, ಕೆಂಡ, ನಾಲ್ಕು ದೇಶ, ಬಾಲದ ತುಂಡು. ಬೈಗುಳಕ್ಕೆ ಅವನು ಕಣ್ಣು ಮುಚ್ಚಿ ಕಾದ. ಬಂದದ್ದು ನಗು, ಮುದುಕಿಯ ಎದೆಯಿಂದ ಕೆಮ್ಮಿನ ಜೊತೆ ಬರುವ ಉದ್ದನೆಯ ನಗು.

"ಅಂದ್ರೆ ಅವನು ಅಳುತ್ತಾ ತಿಂದದ್ದು ನನ್ನದೇ."

"ನಿಮ್ಮದೇ ಅಮ್ಮ. ಅವರಿಗೆ ಹೇಳ್ತೀರಾ?"

"ಯಾಕೆ ಹೇಳ್ಲಿ? ತಿಂಗಳಿಗೊಮ್ಮೆ ಫೋನು ಮಾಡುವವ, ಅಮ್ಮನ ಕೈ ಕೆಟ್ಟಿತು, ಹುಷಾರಿದ್ದೀರಾ ಅಂತ ಈಗ ದಿನಾ ಮಾಡ್ತಾನೆ. ಇನ್ನೂ ಸ್ವಲ್ಪ ದಿನ ಕೆಟ್ಟೇ ಇರ್ಲಿ." ಅವರ ಸ್ವರ ಗಟ್ಟಿಯಾಯಿತು. "ಆದ್ರೆ ನನ್ನ ಮಗನಿಗೆ ಊಟ ಸರಿ ಹೋಗ್ಬೇಕು. ವೀಡಿಯೊ ಹಾಕು. ಚಾಕು ಹಿಡಿ. ಹಾಗಲ್ಲ, ಉಗುರು ಹೋಗ್ತದೆ. ತೆಳ್ಳಗೆ ಕೊಯ್ಯಿ. ಮೆಣಸು ಕೈಯಲ್ಲೇ ಅರಿ, ಮಿಕ್ಸಿ ಮುಟ್ಟಬೇಡ."

ಭಾನುವಾರ ನಿಝಾಮುದ್ದೀನ್ ಸಾಹೇಬರು ಹಣ್ಣಿನ ಬುಟ್ಟಿ ಹಿಡಿದು ಬಂದರು. ನೌಶಾದ್ ಬೆಳಗಿನಿಂದ ನಿಂತ ಕಾಲಲ್ಲಿದ್ದವನು, ಸೊಂಟಕ್ಕೆ ಕಟ್ಟಿದ್ದ ಬಟ್ಟೆಯನ್ನು ಬಾಗಿಲ ಹಿಂದೆ ಎಸೆದು, ಅಂಗಿ ಬದಲಿಸಿ, ಆಗಷ್ಟೇ ಮಲಗಿ ಎದ್ದವನ ಹಾಗೆ ಬಂದು ಕೂತ. ಮೆಣಸು ಅರೆದ ಅಂಗೈಗಳು ಉರಿಯುತ್ತಿದ್ದವು. ಅವನ್ನು ತಣ್ಣೀರಿನ ಲೋಟಕ್ಕೆ ಒತ್ತಿ ಹಿಡಿದಿದ್ದ. ಸಫೀನ ಹೊಸ ಚೂಡಿದಾರದಲ್ಲಿ, ತಲೆಗೆ ದುಪಟ್ಟಾ ಎಳೆದುಕೊಂಡು, ಸೋಫಾದ ತುದಿಯಲ್ಲಿ ನಾಚಿಕೆಯಿಂದ ಕೂತಿದ್ದಳು.

ಸಾಹೇಬರು ಒಂದು ತುಂಡು ತಿಂದರು. ಎರಡನೆಯದನ್ನು ತಾವೇ ಹಾಕಿಕೊಂಡರು. ಮೂರನೆಯದಕ್ಕೆ ಬೆರಳು ನೆಕ್ಕಿದರು.

"ಬೆಹನ್, ಅವತ್ತಿಗಿಂತ ಒಂದು ತೂಕ ಜಾಸ್ತಿಯೇ. ನಿಮ್ಮ ಕೈಗೆ ಬರಕತ್ ಇರ್ಲಿ." ನೌಶಾದನ ಕಡೆ ತಿರುಗಿ ತಲೆಯಾಡಿಸಿದರು. "ನೀನು ಪುಣ್ಯವಂತ. ಮನೆಯಲ್ಲಿ ಇಂಥ ಹೆಂಗಸು. ಆದ್ರೆ ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡ. ಸ್ವಲ್ಪ ಕೈಜೋಡಿಸ್ಬೇಕು. ತರಕಾರಿ ಹೆಚ್ಚಿಕೊಡುವುದು, ಪಾತ್ರೆ ಎತ್ತಿಡುವುದು. ಮಾಡ್ತೀಯಾ ಇಲ್ಲವಾ?"

ಸಫೀನ ದುಪಟ್ಟಾ ಸರಿಪಡಿಸಿಕೊಂಡು ನಿಟ್ಟುಸಿರು ಬಿಟ್ಟಳು.

"ಎಲ್ಲಿ ಮಾಡ್ತಾರೆ ಸರ್" ಎಂದಳು. "ಉಪ್ಪಿನ ಡಬ್ಬಿ ಎಲ್ಲುಂಟು ಅಂತ ಸಹ ಇವರಿಗೆ ಗೊತ್ತಿಲ್ಲ. ಮುಂದಿನ ವಾರ ನಿಮಗೆ ಸಿಗಡಿ ಮಾಡ್ಲಾ ಸರ್? ಸಿಪ್ಪೆ ತೆಗೀಲಿಕ್ಕೆ ಸ್ವಲ್ಪ ಹೊತ್ತು ಹಿಡೀತದೆ, ಅಷ್ಟೇ. ನನಗೇನೂ ತೊಂದರೆ ಇಲ್ಲ."